ಮೀನುಡೇಗೆ ಎರಗಿದ ಬೆಳಿಗ್ಗೆ

ಸಿದ್ದು ಸತ್ತ ಏಳನೆಯ ದಿನ ಅವನ ತಾಯಿ ಪುಟ್ಟಲಿಂಗಮ್ಮ ಮಹಾಂತೇಶನನ್ನು ಕೇಳಿದ್ದು ಒಂದೇ ಮಾತು. “ಕೊನೇಗಳಿಗೇಲಿ ನನ್ ಮಗ ಏನಾರ ಅಂದ್ನಾ ಸ್ವಾಮಿ? ಕೂಗಿದ್ನಾ?”

“ಇಲ್ಲ ಕಣಮ್ಮ. ನನಗೇನೂ ಕೇಳಿಸಲಿಲ್ಲ” ಅಂದ ಮಹಾಂತೇಶ.

ಮುದುಕಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಒಳಗೆ ಹೋದರು. ಶ್ರೀರಾಂಪುರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಬೌದ್ಧ ವಿಹಾರದಿಂದ ಬಂದಿದ್ದ ಭಂತೇಜಿ ಪಠಣ ಮುಗಿಸಿ ಎದ್ದಿದ್ದರು. ಊರಿಂದ ಬಂದ ನೆಂಟರೂ ಬಸ್ ಡಿಪೋದ ಮೆಕ್ಯಾನಿಕ್ಕುಗಳೂ ಬಾಗಿಲಾಚೆ ಶಾಮಿಯಾನದ ನೆರಳಲ್ಲಿ ಊಟಕ್ಕೆ ಕಾಯುತ್ತಿದ್ದರು. ಅವರಲ್ಲೊಬ್ಬ ಮಹಾಂತೇಶನ ಕೈ ಹಿಡಿದುಕೊಂಡು, ಈಜು ಬಾರದಿದ್ದರೂ ಕತ್ತಿನವರೆಗೆ ನೀರಿಗೆ ಇಳಿದಿರಂತಲ್ಲ ಸಾರ್, ಅಷ್ಟು ಯಾರು ಮಾಡುತ್ತಾರೆ ಎಂದು ಹೇಳಿ ಕಣ್ಣೊರೆಸಿಕೊಂಡ. ಮಹಾಂತೇಶ ಊಟ ಮಾಡದೆ ಬಂದುಬಿಟ್ಟ.

ಅವನು ಹೇಳಿದ್ದು ಸುಳ್ಳು. ಸಿದ್ದು ಕೂಗಿದ್ದ. ಒಂದು ಸಲವಲ್ಲ, ಮೂರು ಸಲ. ಆ ಕೂಗು ಮಹಾಂತೇಶನ ಕ್ಯಾಮೆರಾದ ಕಾರ್ಡಿನಲ್ಲಿತ್ತು.

ಮಹಾಂತೇಶನಿಗೆ ನಲವತ್ತೆಂಟು. ಕುಂಬಾರಕೊಪ್ಪಲಿನಲ್ಲಿ ಮನೆ. ಅವನ ತಾತ ಮಠಕ್ಕೆ ವಿಭೂತಿ, ಕರ್ಪೂರ ಒದಗಿಸುತ್ತಿದ್ದ ವ್ಯಾಪಾರಿ. ತಂದೆಯ ಕಾಲಕ್ಕೆ ಆ ಅಂಗಡಿ ಮುಚ್ಚಿ, ಮಹಾಂತೇಶ ಒಂದು ಆಫ್‌ಸೆಟ್ ಪ್ರೆಸ್ಸಿಗೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಬಣ್ಣದ ಕೆಲಸವೆಲ್ಲ ಅವನದೇ. ಮದುವೆ ಕಾರ್ಡಿನ ಕೆಂಪು ಕೂದಲೆಳೆಯಷ್ಟು ಹೆಚ್ಚಾದರೂ ಅವನ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ವಾರಕ್ಕೆ ಆರು ದಿನ ಶಾಯಿಯ ವಾಸನೆ, ಏಳನೆಯ ದಿನ ಹೊಳೆ. ಹದಿನೈದು ವರ್ಷದಿಂದ ಒಂದೇ ಒಂದು ಭಾನುವಾರ ಬಿಡದೆ ಕಾವೇರಿ ದಂಡೆಯಲ್ಲಿ ಹಕ್ಕಿಗಳ ಫೋಟೊ ತೆಗೆಯುತ್ತಿದ್ದ. ಹೆಂಡತಿ ತೇಜಸ್ವಿನಿ ಮೊದಮೊದಲು ಗೊಣಗಿ, ಆಮೇಲೆ ಶನಿವಾರ ಸಂಜೆಯೇ ಚಪಾತಿ ಕಟ್ಟಿಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಸಿದ್ದು ಅವನಿಗೆ ಪರಿಚಯವಾದದ್ದು ನಾಲ್ಕು ವರ್ಷದ ಹಿಂದೆ. ಉಗುರಿನ ಸಂದಿಯಲ್ಲಿ ಗ್ರೀಸ್ ಮೆತ್ತಿಕೊಂಡಿದ್ದ ಡಿಪೋ ಮೆಕ್ಯಾನಿಕ್ ಒಬ್ಬ ಪ್ರೆಸ್ಸಿಗೆ ಬಂದು, ಮೊಬೈಲಿನಲ್ಲಿ ತಾನು ತೆಗೆದ ಮಿಂಚುಳ್ಳಿಯ ಚಿತ್ರ ತೋರಿಸಿ, ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮಾಡಿಕೊಡುತ್ತೀರಾ ಎಂದು ಕೇಳಿದ. ಚಿತ್ರ ಮಸುಕಾಗಿತ್ತು, ದೊಡ್ಡದು ಮಾಡಿದರೆ ಏನೂ ಉಳಿಯುತ್ತಿರಲಿಲ್ಲ. ಆದರೆ ಹಕ್ಕಿ ನೀರಿಗೆ ಕೊಕ್ಕು ಊರುವ ಸರಿಯಾದ ಗಳಿಗೆಯನ್ನೇ ಅವನು ಹಿಡಿದಿದ್ದ. ಅದು ಕಲಿಸಿ ಬರುವಂಥದ್ದಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಐದೂವರೆಗೆ ಬಾ ಎಂದು ಮಹಾಂತೇಶ ಕರೆದ. ಅಲ್ಲಿಂದಾಚೆಗೆ ಅವರಿಬ್ಬರೂ ಒಬ್ಬರನ್ನು ಬಿಟ್ಟು ಒಬ್ಬರು ಹೊಳೆಗೆ ಹೋದದ್ದಿಲ್ಲ. ಸಿದ್ದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡ. ಅವನ ಹೆಂಡತಿ ಧರಣಿ ಗಾರ್ಮೆಂಟ್ಸ್ ಕೆಲಸದವಳು. ವಾರಕ್ಕೊಂದೇ ರಜೆ, ಅದೂ ಹೊಳೆಪಾಲು ಎಂದು ಅವಳಿಗೆ ಸಿಟ್ಟು. ಆದರೂ ಮಹಾಂತೇಶ ಮನೆಗೆ ಹೋದರೆ ಕಾಫಿ ಕೊಡದೆ ಕಳಿಸುತ್ತಿರಲಿಲ್ಲ.

ಎರಡೇ ವರ್ಷದಲ್ಲಿ ಶಿಷ್ಯನ ಚಿತ್ರ ಗುರುವಿನದಕ್ಕಿಂತ ಚೆನ್ನಾಗಿ ಬರತೊಡಗಿತು. ಅವರ ಫೋಟೊ ಬಳಗದವರು ಅದನ್ನು ತಮಾಷೆಯಾಗಿ ಆಡಿಕೊಂಡರು, ಮಹಾಂತೇಶನೂ ನಕ್ಕ. ಅಸೂಯೆ ಎಂದರೆ ದೊಡ್ಡ ಮಾತಾದೀತು. ಆದರೆ ಒಂದು ಆಸೆ ಮಾತ್ರ ಅವನೊಳಗೆ ಬಲಿಯುತ್ತಿತ್ತು. ಚಳಿಗಾಲಕ್ಕೆ ಉತ್ತರದಿಂದ ಬರುವ ಮೀನುಡೇಗೆ, ಹದ್ದಿನ ಜಾತಿಯ ಆ ಮೀನುಬೇಟೆಗಾರ, ನೀರಿಗೆ ಎರಗಿ ಮೀನು ಹಿಡಿದು ನೇರ ಕ್ಯಾಮೆರಾದ ಕಡೆಗೆ ಹಾರಿಬರುವ ಚಿತ್ರ. ಆರು ಚಳಿಗಾಲ ಅದಕ್ಕಾಗಿ ಕಾದಿದ್ದ. ಒಮ್ಮೆ ಬೆನ್ನು ಸಿಕ್ಕಿತು, ಒಮ್ಮೆ ಬರೀ ನೀರಿನ ಎರಚಲು ಸಿಕ್ಕಿತು. ಒಂದೊಂದೇ ಫೋಟೊ ತೆಗೆದರೆ ಆ ಗಳಿಗೆ ತಪ್ಪುತ್ತದೆಂದು, ಈ ಸಲ ವಿಡಿಯೊ ಮಾಡಿ ಅದರಿಂದ ಬೇಕಾದ ಚಿತ್ರ ಆರಿಸಿಕೊಳ್ಳಲು ತೀರ್ಮಾನಿಸಿದ್ದ.

ಸಂಕ್ರಾಂತಿ ಕಳೆದ ಭಾನುವಾರ. ಇಬ್ಬರೂ ಮಹಾಂತೇಶನ ಸ್ಕೂಟರಿನಲ್ಲಿ ಹುಣಸೂರು ರಸ್ತೆ ಹಿಡಿದು ಇಲವಾಲದ ಹತ್ತಿರ ಬಲಕ್ಕೆ ತಿರುಗಿ, ಗದ್ದೆಬಯಲಿನ ನಡುವೆ ಹೊಳೆಗೆ ಹೋದರು. ಹಿಂದೆ ಕೂತಿದ್ದ ಸಿದ್ದು ಅಂದು ಖುಷಿಯಾಗಿಯೇ ಇದ್ದ. ಮನೆಯಲ್ಲಿ ಚೆನ್ನಾಗಿ ಬೈಸಿಕೊಂಡು ಬಂದಿರುವುದಾಗಿಯೂ, ಹನ್ನೊಂದಕ್ಕೆಲ್ಲ ವಾಪಸು ಹೋಗಿ ಅವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯದಿದ್ದರೆ ಇವತ್ತು ಊಟವಿಲ್ಲವೆಂದೂ ಹೇಳಿ ನಗುತ್ತಿದ್ದ.

ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು. ಬಂಡೆ ಬಂಡೆಯ ನಡುವಿನ ಕೊರಕಲಲ್ಲಿ ಮಾತ್ರ ನೀರು ಸೆಳೆದುಕೊಂಡು ಹೋಗಿ ಕೆಳಗಿನ ಮಡುವಿಗೆ ಬೀಳುತ್ತಿತ್ತು. ಎತ್ತರದ ಒಂದು ಚಪ್ಪಟೆ ಬಂಡೆಯಿಂದ ಡೇಗೆ ಕೂರುವ ಒಣಮರ ಎದುರಿಗೇ ಕಾಣುತ್ತಿತ್ತು. ಬೆಳಕೂ ಬೆನ್ನ ಹಿಂದಿನಿಂದ ಬೀಳುತ್ತಿತ್ತು. ಅಲ್ಲಿ ಒಬ್ಬರಿಗಷ್ಟೇ ಜಾಗ. ಹಿಂದಿನ ವಾರ ಸಿದ್ದು ನಿಂತಿದ್ದ, ಈ ವಾರ ತನ್ನದು ಎಂದು ಮಹಾಂತೇಶ ಟ್ರೈಪಾಡ್ ಊರಿದ. ಇಪ್ಪತ್ತೈದು ಹೆಜ್ಜೆ ಕೆಳಗಿರುವ ತಗ್ಗಿನ ಬಂಡೆಯ ಮೇಲೆ ನಿಂತರೆ ನಿನಗೂ ಸಿಗುತ್ತದೆ ಎಂದು ಸಿದ್ದುವಿಗೆ ತೋರಿಸಿದವನೂ ಅವನೇ. ಡಿಪೋದಲ್ಲಿ ಕೊಟ್ಟಿದ್ದ ಗಂಬೂಟು ಹಾಕಿಕೊಂಡಿದ್ದ ಸಿದ್ದು ಕ್ಯಾಮೆರಾ ಚೀಲವನ್ನು ಬೆನ್ನಿಗೆ ಬಿಗಿದು ಇಳಿದುಹೋದ.

ಎಂಟು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಡೇಗೆ ಮರ ಬಿಟ್ಟು ಎದ್ದಿತು. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತಿತು. ಮಹಾಂತೇಶ ಗುಂಡಿ ಒತ್ತಿದ.

ಆಗ ಸಿದ್ದು ಕೂಗಿದ್ದು, “ಸಾರ್” ಎಂದು. ಹಕ್ಕಿ ಎದ್ದದ್ದನ್ನು ತೋರಿಸಲು ಕೂಗುತ್ತಿದ್ದಾನೆ ಎಂದುಕೊಂಡ ಮಹಾಂತೇಶ. ಅದು ನಿಜವಾಗಿ ಹಾಗೇ ಅನ್ನಿಸಿತ್ತು, ಅದರಲ್ಲಿ ಸುಳ್ಳಿಲ್ಲ. ಡೇಗೆ ರೆಕ್ಕೆ ಮಡಿಚಿ ಕಲ್ಲಿನಂತೆ ಬಿತ್ತು. ನೀರು ಸಿಡಿಯಿತು. ಎರಡನೆಯ ಕೂಗು ಬಂತು: “ಸಾರ್, ಕಾಲ್ ಜಾರ್ತು. ಕಲ್ಲ್ ಹಿಡ್ಕಂಡಿವ್ನಿ. ಬನ್ನಿ.” ಮಹಾಂತೇಶನಿಗೆ ಪೂರ್ತಿ ಕೇಳಿಸಿತು. ಪೂರ್ತಿ ಅರ್ಥವೂ ಆಯಿತು. ಆದರೆ ಬಂಡೆಯ ಮೇಲೆ ಕಾಲು ಜಾರುವುದು ಅವರಿಗೆ ವಾರವಾರದ ಪಾಡು. ಸಿದ್ದುವಿಗೆ ಈಜು ಬರುತ್ತಿತ್ತು. ಡೇಗೆ ನೀರಿನಿಂದ ಏಳುತ್ತಿತ್ತು, ಅದರ ಉಗುರಲ್ಲಿ ಮೊಳದುದ್ದದ ಮೀನು ಒದ್ದಾಡುತ್ತಿತ್ತು. ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ, ಹಕ್ಕಿ ಬೆದರದ ಹಾಗೆ ದನಿ ತಗ್ಗಿಸಿ, “ಇರೋ, ಒಂದ್ನಿಮಿಷ” ಎಂದ.

ಡೇಗೆ ಮೈಕೊಡವಿ ನೇರವಾಗಿ ಅವನತ್ತ ಹಾರಿಬಂತು. ಹಳದಿ ಕಣ್ಣು, ಎದೆಯ ಬಿಳುಪು, ಹನಿಹನಿ ಉದುರುವ ನೀರು. ಮೂರನೆಯ ಕೂಗು ಆಗ ಕೇಳಿತು. ಅದರಲ್ಲಿ ಮಾತಿರಲಿಲ್ಲ. ಹಕ್ಕಿ ತಲೆಯ ಮೇಲೆ ಹಾದು ಮರಗಳಾಚೆ ಮರೆಯಾದ ಮೇಲೆ ಮಹಾಂತೇಶ ಕ್ಯಾಮೆರಾ ನಿಲ್ಲಿಸಿ, ಸಿಕ್ಕಿತು ಕಣೋ ಸಿದ್ದು, ಪೂರ್ತಿ ಸಿಕ್ಕಿತು ಎಂದು ಕೂಗಿ ಹೇಳುತ್ತ ತಿರುಗಿದ.

ತಗ್ಗಿನ ಬಂಡೆಯ ಮೇಲೆ ಯಾರೂ ಇರಲಿಲ್ಲ. ಕೊರಕಲಿನ ಅಂಚಿನಲ್ಲಿ ಪಾಚಿ ಉದ್ದಕ್ಕೆ ಕೆರೆದುಹೋಗಿತ್ತು. ಸಿದ್ದುವಿನ ಟೋಪಿ ಮಡುವಿನಲ್ಲಿ ಸುತ್ತುತ್ತಿತ್ತು.

ಅವನು ಹುಚ್ಚನಂತೆ ಅರಚಿದ. ಆಚೆ ತಿರುವಿನಲ್ಲಿ ಬಲೆ ತೆಗೆಯುತ್ತಿದ್ದ ಸಣ್ಣಮಾದಯ್ಯ ಎಂಬ ಮುದುಕ ಹರಿಗೋಲು ಹಾಕಿಕೊಂಡು ಬಂದ. ಅಷ್ಟರಲ್ಲಿ ಮಹಾಂತೇಶ ಕೊರಕಲಿಗೆ ಇಳಿದು ಕತ್ತಿನವರೆಗೆ ನೀರಿನಲ್ಲಿ ನಿಂತು ಬಂಡೆ ತಬ್ಬಿಕೊಂಡಿದ್ದ. ಸಣ್ಣಮಾದಯ್ಯ ಮೊದಲು ಅವನನ್ನೇ ಎಳೆದು ಹರಿಗೋಲಿಗೆ ಹಾಕಿಕೊಳ್ಳಬೇಕಾಯಿತು. ಸಿದ್ದು ಸಿಕ್ಕಿದ್ದು ಅರ್ಧ ಗಂಟೆಯ ಮೇಲೆ, ಮಡುವಿನ ತಳದಲ್ಲಿ. ಗಂಬೂಟಿನ ತುಂಬ ನೀರು. ಕ್ಯಾಮೆರಾ ಚೀಲ ಬೆನ್ನಿಗೇ ಇತ್ತು. ಮುದುಕ ಅವನನ್ನು ಮರಳಿನ ಮೇಲೆ ಮಲಗಿಸಿ, ಎದೆ ಒತ್ತಿ ನೋಡಿ, ಕೊನೆಗೆ ತನ್ನ ತಲೆವಸ್ತ್ರವನ್ನು ಮುಖಕ್ಕೆ ಹೊದಿಸಿದ. “ಒಂದ್ ಗಳಿಗೆ ಮುಂಚೆ ಕೂಗಿದ್ರೆ ಬಂದ್ಬುಡ್ತಿದ್ದೆ ಬುದ್ಧಿ” ಅಂದ. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಸುಮ್ಮನೆ ದೂರ ಅಳೆದು ಹೇಳಿದಂತಿತ್ತು.

ಪೊಲೀಸರು ಕೇಳಿದಾಗ ಮಹಾಂತೇಶ, ನೀರಿನ ಸದ್ದಿನಲ್ಲಿ ತನಗೇನೂ ಕೇಳಿಸಲಿಲ್ಲ, ತಿರುಗಿ ನೋಡಿದಾಗ ಅವನಿರಲಿಲ್ಲ ಎಂದು ಹೇಳಿಕೆ ಕೊಟ್ಟ. ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಗೆ ತಾನಾಗಿ ಬಂತು. ಒಮ್ಮೆ ಬರೆದುಕೊಂಡು ಸಹಿ ಹಾಕಿಸಿಕೊಂಡ ಮೇಲೆ ಅದು ಸತ್ಯದ ಹಾಗೆ ಗಟ್ಟಿಯಾಯಿತು.

ಮೂರನೆಯ ದಿನ ಮನೆಯಲ್ಲಿ ಯಾರೂ ಇಲ್ಲದಾಗ ವಿಡಿಯೊ ಹಾಕಿ ನೋಡಿದ. ನಲವತ್ತಮೂರು ಸೆಕೆಂಡು. ಬರೇ ಹಕ್ಕಿ, ನೀರು, ಬೆಳಕು. ಸಿದ್ದು ಎಲ್ಲೂ ಕಾಣುವುದಿಲ್ಲ. ಆದರೆ ದನಿ ಮೂರು ಸಲವೂ ಸ್ಪಷ್ಟವಾಗಿತ್ತು. ಅದರ ನಡುವೆ, ಎಲ್ಲಕ್ಕಿಂತ ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲೇ ಅಂದಂತೆ, ತನ್ನದೇ ದನಿ: ಇರೋ, ಒಂದ್ನಿಮಿಷ. ಅಳಿಸಿಬಿಡಬೇಕೆಂದು ಬೆರಳಿಟ್ಟ. ಅಳಿಸಲಾಗಲಿಲ್ಲ. ಯಾಕೆ ಆಗಲಿಲ್ಲವೆಂದು ಆಮೇಲೆ ತನ್ನನ್ನು ತಾನೇ ಕೇಳಿಕೊಂಡಾಗ ಬಂದ ಉತ್ತರ ಅವನನ್ನು ಇನ್ನಷ್ಟು ಹೆದರಿಸಿತು. ಸಿದ್ದುವಿನ ದನಿ ಉಳಿಯಲಿ ಎಂಬುದಷ್ಟೇ ಕಾರಣವಾಗಿರಲಿಲ್ಲ. ಅಂಥ ಚಿತ್ರ ತನ್ನ ಜನ್ಮದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ ಎಂಬುದೂ ಅದರಲ್ಲಿ ಸೇರಿತ್ತು.

ಪ್ರೆಸ್ಸಿನಲ್ಲಿ ಕೆಲಸ ಕೆಡತೊಡಗಿತು. ಒಂದು ಕ್ಯಾಲೆಂಡರಿನ ಆಕಾಶ ಹಸಿರಾಗಿ ಬಂದದ್ದನ್ನು ಅವನು ಗಮನಿಸಲೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಹಾಗಾದದ್ದು ಮೊದಲು. ಫೋಟೊ ಬಳಗದ ಹಿರಿಯ ಸದಾಶಿವಯ್ಯ ಮನೆಗೆ ಬಂದು, ಸಿದ್ದುವಿನ ನೆನಪಿಗೆ ಒಂದು ಪ್ರದರ್ಶನ ಮಾಡುವ ಮಾತೆತ್ತಿದರು. ಆ ಬೆಳಿಗ್ಗೆ ಡೇಗೆ ಮೀನು ಹಿಡಿದದ್ದನ್ನು ಹರಿಗೋಲಿನವನೂ ನೋಡಿದನಂತೆ, ನಿನಗೇನಾದರೂ ಸಿಕ್ಕಿತೇ, ಸಿಕ್ಕಿದ್ದರೆ ಅದನ್ನೇ ನಡುವೆ ಹಾಕೋಣ ಎಂದು ಕೇಳಿದರು. ಏನೂ ಸಿಗಲಿಲ್ಲ ಎಂದ ಮಹಾಂತೇಶ. ತೇಜಸ್ವಿನಿ ಕಾಫಿ ಲೋಟ ಕೆಳಗಿಡುತ್ತ ಗಂಡನನ್ನು ಒಮ್ಮೆ ನೋಡಿದಳು.

ಫೆಬ್ರವರಿಯ ಮೊದಲ ವಾರ ಒಂದು ಮಧ್ಯಾಹ್ನ ಧರಣಿ ಪ್ರೆಸ್ಸಿಗೆ ಬಂದಳು. ಗಾರ್ಮೆಂಟ್ಸಿನ ನೀಲಿ ಕೋಟಿನಲ್ಲೇ ಇದ್ದಳು, ಅರ್ಧ ದಿನ ರಜೆ ಹಾಕಿ ಬಂದಂತಿತ್ತು. ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ನಿಂತು ಮಾತಾಡಿದರು. ಅವಳು ಬಹಳ ಇಳಿದುಹೋಗಿದ್ದಳು.

ನೆಂಟರಲ್ಲಿ ಒಂದು ಮಾತು ಹುಟ್ಟಿಕೊಂಡಿದೆ ಎಂದು ಅವಳು ಹೇಳಿದಳು. ಬಾವಿಯಲ್ಲಿ ಈಜು ಕಲಿತು ಬೆಳೆದ ಗಂಡಸು ಹೀಗೆ ಮುಳುಗಿ ಸಾಯುವುದುಂಟೇ? ಜಾರಿ ಬಿದ್ದವನಾದರೆ ಬಾಯಿಬಿಟ್ಟು ಕೂಗಬೇಕಿತ್ತಲ್ಲ? ಪಕ್ಕದಲ್ಲೇ ಒಬ್ಬರಿದ್ದರು, ಅವರಿಗೆ ಒಂದು ಸದ್ದೂ ಕೇಳಿಲ್ಲವೆಂದರೆ ಅವನು ಕೂಗಲೇ ಇಲ್ಲ. ಕೂಗದೆ ಹೋದವನು ಬಿದ್ದವನಲ್ಲ, ಬೇಕೆಂದು ಹೋದವನು. ಹಾಗೆ ಹೋಗುವಂಥದ್ದು ಮನೆಯಲ್ಲಿ ಏನು ನಡೆದಿತ್ತು ಎಂಬಲ್ಲಿಗೆ ಮಾತು ಬಂದು ನಿಂತಿತ್ತು.

“ಅವತ್ತು ಬೆಳಿಗ್ಗೆ ನಾನೊಂದ್ ಮಾತು ಅಂದ್ಬುಟ್ಟೆ ಸಾರ್” ಅಂದಳು ಧರಣಿ. “ಅತ್ತೆ ಕಣ್ಣು ತೋರ್ಸೋದು ಮೂರು ವಾರದಿಂದ ಮುಂದಕ್ಕೆ ಹಾಕ್ತಿದ್ರು. ನಂಗೂ ರೇಗಿಹೋಯ್ತು. ಹೋಗಿ, ಆ ಹೊಳೇಲೇ ಬಿದ್ದಿರಿ, ಮನೇಗ್ ಬರ್ಬೇಡಿ ಅಂದೆ. ಅತ್ತೆ ಕೇಳಿಸ್ಕೊಂಡವ್ರೆ.”

ನೆಂಟರ ಆ ಮಾತು ಎದ್ದಂದಿನಿಂದ ಪುಟ್ಟಲಿಂಗಮ್ಮ ಸೊಸೆಯ ಕೈಯ ನೀರು ಮುಟ್ಟುತ್ತಿರಲಿಲ್ಲವಂತೆ. ಮುಂದಿನ ಭಾನುವಾರ ಊರಿನಿಂದ ಸಿದ್ದುವಿನ ಸೋದರಮಾವಂದಿರು ಬರುವವರಿದ್ದರು. ಆರು ವರ್ಷದ ಮಗಳು ಸಮನ್ವಿತಾಳನ್ನು ಅಜ್ಜಿಯ ಜೊತೆ ಊರಿಗೆ ಕಳಿಸುವುದು, ಧರಣಿ ಬೇಕಾದರೆ ತವರಿಗೆ ಹೋಗಲಿ ಎಂಬ ಮಾತು ನಡೆದಿತ್ತು.

“ನಿಜ ಹೇಳಿ ಸಾರ್, ಅವ್ರು ಬೇಜಾರಲ್ಲಿದ್ರಾ? ಒಂದು ಸಲನೂ ಕೂಗ್ಲಿಲ್ವಾ?”

ದಾರಿಯುದ್ದಕ್ಕೂ ಅವನು ನಗುನಗುತ್ತಲೇ ಇದ್ದ, ಹನ್ನೊಂದಕ್ಕೆ ಮನೆಗೆ ಹೋಗಬೇಕೆಂದು ಹೇಳಿದ್ದ ಎಂದು ಮಹಾಂತೇಶ ಹೇಳಿದ. ಅಷ್ಟು ಹೇಳುವುದು ಸುಲಭವಾಗಿತ್ತು. ಧರಣಿ ಇನ್ನೂ ಕಾಯುತ್ತಿದ್ದಳು. ಅವನು ನೆಲ ನೋಡುತ್ತ, ನೀರಿನ ಸದ್ದು ಬಹಳ ಇತ್ತಮ್ಮ ಎಂದ. ಅವಳು ತಲೆಯಾಡಿಸಿ, “ಹಂಗಾದ್ರೆ ನಾನಂದಿದ್ದೇ ಅವ್ರಿಗೆ ನಾಟ್ಬುಡ್ತು” ಎಂದು ತನಗೇ ಹೇಳಿಕೊಂಡಂತೆ ಹೇಳಿ, ಗೇಟು ದಾಟಿ ಹೋದಳು.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟವನು ಸ್ಕೂಟರನ್ನು ಹೊಳೆಯ ಕಡೆ ತಿರುಗಿಸಿದ. ಸಾವಿನ ನಂತರ ಅಲ್ಲಿಗೆ ಹೋದದ್ದು ಅದೇ ಮೊದಲು. ಸಣ್ಣಮಾದಯ್ಯ ದಂಡೆಯಲ್ಲಿ ಹರಿಗೋಲು ಬೋರಲು ಹಾಕಿ ಟಾರು ಬಳಿಯುತ್ತಿದ್ದ. ಮಹಾಂತೇಶ ಅವನ ಪಕ್ಕ ಕೂತು, ಸಿದ್ದು ಕೊರಕಲಿಗೆ ಬಿದ್ದ ಮೇಲೆ ಎಷ್ಟು ಹೊತ್ತು ತಡೆದಿರಬಹುದು ಎಂದು ಕೇಳಿದ. ಮುದುಕ ಕೈಕೆಲಸ ಬಿಡದೆ, ಬಂಡೆಯಂಚಿನ ಪಾಚಿ ಎರಡು ಕೈ ಅಗಲ ಕಿತ್ತುಹೋಗಿತ್ತು, ಹಿಡಿದು ಹಿಡಿದು ಜಾರಿದ್ದಾನೆ, ತಕ್ಷಣ ಹೋದವನಲ್ಲ ಎಂದ. ಆಮೇಲೆ ಬ್ರಷ್ ಕೆಳಗಿಟ್ಟು ಮಹಾಂತೇಶನನ್ನು ನೋಡಿದ.

“ಅವ್ನು ಕೂಗವ್ನೆ ಬುದ್ಧಿ. ಗಾಳಿ ಮ್ಯಾಲ್ಕಡೀಕೆ ಇತ್ತು, ಅದ್ಕೆ ನಂಗ್ ಕೇಳ್ನಿಲ್ಲ. ನಿಮಗ್ ಕೇಳಿರ್ತದೆ.”

ಮಹಾಂತೇಶ ಒಣಮರದ ಕಡೆ ನೋಡಿದ. ಮುದುಕ ಬ್ರಷ್ ತೆಗೆದುಕೊಂಡು ಬಳಿಯುವುದನ್ನು ಮುಂದುವರಿಸಿದ.

ಶನಿವಾರ ಮಧ್ಯಾಹ್ನ ಮಹಾಂತೇಶ ತೇಜಸ್ವಿನಿಯನ್ನು ಕೂರಿಸಿ ವಿಡಿಯೊ ತೋರಿಸಿದ. ಅವಳು ಕೊನೆಯವರೆಗೆ ಕೇಳಿ, ಧರಣಿಗೆ ಗೊತ್ತಾಗಬೇಕು ಎಂದಷ್ಟೇ ಹೇಳಿದಳು. ಜೊತೆಗೆ ಬರಲೇ ಎಂದು ಕೇಳಿದಳು. ಬೇಡ ಎಂದ.

ಶ್ರೀರಾಂಪುರದ ಮನೆಯಲ್ಲಿ ಪುಟ್ಟಲಿಂಗಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಅವರ ಮುಂದೆ ಒಂದು ಸಣ್ಣ ಬಟ್ಟೆಯ ಗಂಟು, ನಾಳೆ ಊರಿಗೆ ಹೊರಡುವ ತಯಾರಿ. ಧರಣಿ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದಳು. ಗೋಡೆಯ ಮೇಲೆ ಬುದ್ಧನ ಪಟದ ಕೆಳಗೆ ಸಿದ್ದುವಿನ ಫೋಟೊ ಹಾಕಿದ್ದರು. ಡಿಪೋದ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು, ಮುಖ ಮಸುಕಾಗಿತ್ತು. ನಾಲ್ಕು ವರ್ಷದಲ್ಲಿ ತಾನು ಅವನದೊಂದು ಒಳ್ಳೆಯ ಫೋಟೊ ತೆಗೆದಿರಲಿಲ್ಲ ಎಂಬುದು ಮಹಾಂತೇಶನಿಗೆ ಆಗ ಹೊಳೆಯಿತು.

ಮಗಳನ್ನು ಪಕ್ಕದ ಮನೆಗೆ ಕಳಿಸಲು ಹೇಳಿದ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಮೊದಲು ಬಾಯಲ್ಲಿ ಹೇಳಿದ. ಸಿದ್ದು ಕೂಗಿದ್ದ, ತನಗೆ ಕೇಳಿಸಿತ್ತು, ತಾನು ಹೋಗಲಿಲ್ಲ. ಪೊಲೀಸರಿಗೂ ನಿಮಗೂ ಸುಳ್ಳು ಹೇಳಿದೆ. ನಾಲ್ಕು ಮಾತು, ಅಷ್ಟೇ. ಮನೆಯಿಂದ ಹೊರಡುವಾಗ ಇನ್ನೂ ಬಹಳಷ್ಟು ಜೋಡಿಸಿಕೊಂಡಿದ್ದ. ಅವೆಲ್ಲ ತನ್ನ ಪರವಾಗಿ ಹೇಳುವ ಮಾತುಗಳೇ ಆಗಿದ್ದರಿಂದ ಒಂದೂ ನಾಲಿಗೆಗೆ ಬರಲಿಲ್ಲ.

ಧರಣಿ ಹತ್ತಿರ ಬಂದು ಕೈಚಾಚಿದಳು. ಅವನು ಕಾರ್ಡಿನಿಂದ ಮೊಬೈಲಿಗೆ ಹಾಕಿಕೊಂಡು ತಂದಿದ್ದ ವಿಡಿಯೊ ತೆರೆದು ಕೊಟ್ಟ. ಅವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತು ಒತ್ತಿದಳು.

ಆ ಸಣ್ಣ ಕೋಣೆಯಲ್ಲಿ ಹೊಳೆಯ ಸದ್ದು ತುಂಬಿಕೊಂಡಿತು. ಸಾರ್. ಪುಟ್ಟಲಿಂಗಮ್ಮ ಚಾಚಿದ್ದ ಕಾಲುಗಳನ್ನು ತಟ್ಟನೆ ಮಡಿಚಿಕೊಂಡರು. ಸಾರ್, ಕಾಲ್ ಜಾರ್ತು, ಕಲ್ಲ್ ಹಿಡ್ಕಂಡಿವ್ನಿ, ಬನ್ನಿ. ಇರೋ, ಒಂದ್ನಿಮಿಷ. ಆಮೇಲೆ ಹಕ್ಕಿಯ ರೆಕ್ಕೆಯ ಬಡಿತ, ನೀರು. ಕೊನೆಯ ಕೂಗು.

ಮುಗಿದ ಮೇಲೆ ಧರಣಿ ಇನ್ನೊಮ್ಮೆ ಹಾಕಿದಳು. ಮೂರನೆಯ ಕೂಗು ಬಂದಾಗ ಮುದುಕಿ ಕೈಯೆತ್ತಿ ನಿಲ್ಲಿಸಲು ಹೇಳಿದರು.

“ಅವ್ವ ಅಂತವ್ನೆ” ಅಂದರು.

ಮಹಾಂತೇಶ ಇಪ್ಪತ್ತು ಸಲವಾದರೂ ಅದನ್ನು ಕೇಳಿದ್ದ. ಅದರಲ್ಲಿ ಮಾತಿದೆ ಎಂದು ಅವನಿಗೆ ಗೊತ್ತಾಗಿರಲಿಲ್ಲ.

ಪುಟ್ಟಲಿಂಗಮ್ಮ ಅಳಲಿಲ್ಲ. ಸೊಸೆಯ ಮೊಣಕಾಲಿನ ಮೇಲೆ ಕೈಯಿಟ್ಟು, “ನೀನಂದಿದ್ದಕ್ಕಲ್ಲ ಕಣವ್ವ. ಅವ್ನು ಬರಾಕೇ ನೋಡವ್ನೆ” ಅಂದರು. ಧರಣಿ ಆ ಕೈಯನ್ನೇ ನೋಡುತ್ತಿದ್ದು, ಆಮೇಲೆ ಅದರ ಮೇಲೆ ತಲೆಯಿಟ್ಟು, ಮೂರು ವಾರದಿಂದ ತಡೆದುಕೊಂಡಿದ್ದನ್ನೆಲ್ಲ ಅತ್ತಳು. ಮಹಾಂತೇಶ ಅಲ್ಲಿ ನಿಂತಿರಬಾರದಿತ್ತು. ಆದರೂ ನಿಂತಿದ್ದ.

ಕೊನೆಗೆ ಧರಣಿ ಮುಖ ಒರೆಸಿಕೊಂಡು ಎದ್ದು ಮೊಬೈಲನ್ನು ಅವನಿಗೆ ಕೊಟ್ಟಳು.

“ಹಕ್ಕಿ ಚೆನ್ನಾಗ್ ಬಂದದಾ ಸಾರ್?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ.

“ಬಂದಿದೆ” ಅಂದ.

“ನಾಳೆ ಮಾವಂದ್ರು ಬರ್ತಾರೆ. ಅವ್ರ ಮುಂದೆ ಇದ್ನ ಇನ್ನೊಂದ್ಸಲ ಹೇಳಿ. ಪೊಲೀಸ್ನೋರಿಗೂ ಹೇಳಿ. ಆಮೇಲೆ ನಮ್ಮನೆ ಕಡೆ ಬರ್ಬೇಡಿ.”

ಎರಡನ್ನೂ ಅವನು ಮಾಡಿದ. ಭಾನುವಾರ ಹತ್ತು ಜನರ ನಡುವೆ ನಿಂತು ಹೇಳುವಾಗ, ಏಳನೆಯ ದಿನ ಅವನ ಕೈ ಹಿಡಿದು ಅತ್ತಿದ್ದ ಮೆಕ್ಯಾನಿಕ್ ಕೂಡ ಅಲ್ಲಿದ್ದ. ಅವನೇ ಎದ್ದುಬಂದು ಮಹಾಂತೇಶನ ಕತ್ತಿನ ಪಟ್ಟಿಗೆ ಕೈಹಾಕಿದ. ಸಿದ್ದುವಿನ ದೊಡ್ಡ ಮಾವ ಬಿಡಿಸಿ ಕಳಿಸಿದರು. ಸೋಮವಾರ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಹೊಸ ಹೇಳಿಕೆ ಬರೆಸಿಕೊಂಡು, ಕಾರ್ಡಿನ ಪ್ರತಿ ಇಟ್ಟುಕೊಂಡು, ಸುಳ್ಳು ಹೇಳಿದ್ದಕ್ಕೆ ಒಂದು ಗಂಟೆ ಬೈದರು. ಜಾರಿ ಬಿದ್ದದ್ದು ಖಚಿತವಾಯಿತಲ್ಲ, ಮನೆಯವರಿಗೆ ಅಷ್ಟಾದರೂ ಆಯಿತು ಎಂದರು. ಕೂಗು ಕೇಳಿಯೂ ಹೋಗದಿದ್ದವನ ಮೇಲೆ ಯಾವ ಕೇಸು ಹಾಕಬೇಕೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಕರೆದಾಗ ಬಾ ಎಂದು ಕಳಿಸಿದರು. ಮತ್ತೆ ಕರೆಯಲಿಲ್ಲ. ಕರೆದಿದ್ದರೆ ಚೆನ್ನಾಗಿತ್ತು ಎಂದು ಮಹಾಂತೇಶನಿಗೆ ಎಷ್ಟೋ ಸಲ ಅನ್ನಿಸಿತು.

ಸದಾಶಿವಯ್ಯನವರು ಫೋನು ಮಾಡಿ, ಹೇಳದೆ ಇದ್ದರೂ ನಡೆಯುತ್ತಿತ್ತಲ್ಲಪ್ಪ, ಸತ್ತವನು ಹೇಗೂ ಬರುವುದಿಲ್ಲ ಎಂದರು. ಬದುಕಿರುವವರು ಇದ್ದಾರಲ್ಲ ಎಂದು ಇವನು ಹೇಳಿದ್ದಕ್ಕೆ ಅವರು ಫೋನಿಟ್ಟರು. ಪ್ರದರ್ಶನ ನಡೆಯಿತು. ಸಿದ್ದು ತೆಗೆದ ಮೂವತ್ತು ಚಿತ್ರಗಳ ಪ್ರಿಂಟನ್ನು ಮಹಾಂತೇಶನೇ ಒಂದೊಂದಾಗಿ ಬಣ್ಣ ನೋಡಿ ತೆಗೆದುಕೊಟ್ಟ. ತಾನು ಹೋಗಲಿಲ್ಲ. ಬಳಗದಿಂದ ಯಾರೂ ಅವನನ್ನು ಹೊರಹಾಕಲಿಲ್ಲ, ಕರೆಯುವುದನ್ನು ಮಾತ್ರ ನಿಲ್ಲಿಸಿದರು.

ಏಪ್ರಿಲ್ ಕೊನೆಗೆ, ಬಿಸಿಲು ನೆತ್ತಿಗೇರಿದ ಹೊತ್ತಿಗೆ, ಪುಟ್ಟಲಿಂಗಮ್ಮ ಪ್ರೆಸ್ಸಿನ ಬಾಗಿಲಿಗೆ ಬಂದು ನಿಂತರು. ಎರಡು ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ಕಣ್ಣಿಗೆ ಹೊಸ ಕನ್ನಡಕವಿತ್ತು. ಮಹಾಂತೇಶ ಗಾಬರಿಯಿಂದ ಎದ್ದು ಸ್ಟೂಲು ಎಳೆದುಕೊಟ್ಟ. ಅವರು ಕೂತು, ಚೀಲದಿಂದ ಗುಂಡಿ ಒತ್ತುವ ಸಣ್ಣ ಫೋನು ತೆಗೆದು ಮೇಜಿನ ಮೇಲಿಟ್ಟರು.

“ಹಕ್ಕಿ ಬ್ಯಾಡ. ಅವನ್ ದನಿ ಮಾತ್ರ ಇದ್ಕೆ ಹಾಕ್ಕೊಡಿ.”

ಸೊಸೆಗೆ ಗೊತ್ತೇ ಎಂದು ಅವನು ಕೇಳಿದ. ಗೊತ್ತು, ಅವಳೇ ಬಸ್ ನಂಬರು ಬರೆದುಕೊಟ್ಟಳು ಎಂದರು. ಸಮನ್ವಿತಾ ಎರಡನೇ ಕ್ಲಾಸಿಗೆ ಹೋಗುತ್ತಾಳೆ, ತಾವು ಊರಿಗೆ ಹೋಗಲಿಲ್ಲ, ಸೊಸೆ ಕೆಲಸಕ್ಕೆ ಹೋದರೆ ಮಗುವನ್ನು ನೋಡಲು ಯಾರಾದರೂ ಬೇಕಲ್ಲ ಎಂದರು.

ಮಹಾಂತೇಶ ಕಂಪ್ಯೂಟರಿನ ಮುಂದೆ ಕೂತು ಚಿತ್ರ ತೆಗೆದು ಸದ್ದನ್ನಷ್ಟೇ ಉಳಿಸಿದ. ಪರದೆಯ ಮೇಲೆ ಅದು ಬರೀ ಗೆರೆಗಳಾಗಿ ಕಂಡಿತು. ಸಿದ್ದುವಿನ ಎರಡನೆಯ ಕೂಗಿನ ನಂತರದ ಗೆರೆ ಎಲ್ಲಕ್ಕಿಂತ ದಪ್ಪಗಿತ್ತು, ತನ್ನ ದನಿಯದು. ಅದನ್ನು ಕತ್ತರಿಸಿದರೆ ಮುದುಕಿಗೆ ಕೇಳಲು ಹಿತವಾದೀತು ಅನ್ನಿಸಿತು. ಕೈ ಮುಂದಕ್ಕೆ ಹೋಗಿ ನಿಂತಿತು. ಅವರ ಕಡೆ ತಿರುಗಿ, ನಡುವೆ ತನ್ನ ಮಾತೂ ಇದೆ, ತೆಗೆಯಬಹುದು, ತೆಗೆಯಲೇ ಎಂದು ಕೇಳಿದ.

ಪುಟ್ಟಲಿಂಗಮ್ಮ ಯೋಚಿಸಿದರು.

“ಇದ್ದಿದ್ದು ಇದ್ದಂಗೇ ಇರ್ಲಿ” ಅಂದರು.

ಹಾಗೇ ಹಾಕಿಕೊಟ್ಟ. ಯಾವ ಗುಂಡಿ ಒತ್ತಬೇಕೆಂದು ಎರಡು ಸಲ ತೋರಿಸಿದ. ಅವರು ಒತ್ತಿ, ಫೋನನ್ನು ಕಿವಿಗೆ ಹಿಡಿದು, ನಲವತ್ತಮೂರು ಸೆಕೆಂಡೂ ಕೇಳಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಒಳಗೆ ಮಷಿನ್ನು ನಿಂತಿದ್ದುದರಿಂದ ಮಹಾಂತೇಶನಿಗೂ ಸಣ್ಣಗೆ ಕೇಳಿಸುತ್ತಿತ್ತು. ಮುಗಿದ ಮೇಲೆ ಫೋನನ್ನು ಚೀಲಕ್ಕೆ ಹಾಕಿ, ಕೊಟ್ಟ ನೀರು ಕುಡಿದು, ಆ ಹಕ್ಕಿ ಇನ್ನೂ ಅಲ್ಲೇ ಇದೆಯೇ ಎಂದು ಕೇಳಿದರು. ಇಲ್ಲ, ಬೇಸಿಗೆಗೆ ಉತ್ತರಕ್ಕೆ ಹೋಗುತ್ತದೆ, ಮತ್ತೆ ಚಳಿಗಾಲಕ್ಕೆ ಬರುತ್ತದೆ ಎಂದ.

“ಬರ್ಲಿ ಬುಡಿ. ಅದೇನ್ ಮಾಡ್ತು” ಅಂದರು ಪುಟ್ಟಲಿಂಗಮ್ಮ.

ಬಸ್ ಸ್ಟಾಪಿನವರೆಗೆ ಬರಲೇ ಎಂದು ಅವನು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿ, ಚೀಲ ಹೆಗಲಿಗೇರಿಸಿ ಬಿಸಿಲಿಗೆ ಇಳಿದರು. ಬೇವಿನ ಮರ ದಾಟಿ, ರಸ್ತೆಯಂಚಿಗೆ ಬಂದು, ಎರಡೂ ಕಡೆ ನಿಧಾನವಾಗಿ ನೋಡಿ ಆಚೆಗೆ ಹೋದರು. ಬಸ್ಸು ಬರಲು ತಡವಾಯಿತು. ಅದು ಬಂದು ಅವರು ಹತ್ತುವವರೆಗೂ ಮಹಾಂತೇಶ ಬಾಗಿಲಲ್ಲೇ ನಿಂತಿದ್ದ. ಅವರು ಒಮ್ಮೆಯೂ ಈ ಕಡೆ ತಿರುಗಲಿಲ್ಲ.